ನಾಲ್ಕು ಮಿಲಿಮೀಟರ್ ಅಗರ್

ಆ ಮೂತ್ರದ ಮಾದರಿಯಲ್ಲಿ ಬೆಳೆದದ್ದು ಕ್ಲೆಬ್ಸಿಯೆಲ್ಲಾ ನ್ಯುಮೋನಿಯೇ ಎಂಬ ಬ್ಯಾಕ್ಟೀರಿಯಾ. ಬ್ಯಾಕ್ಟೀರಿಯಾ ಬೆಳೆಸುವ ಮ್ಯಾಕ್‌ಕಾಂಕಿ ತಟ್ಟೆಯ ಮೇಲೆ ಗುಲಾಬಿ ಬಣ್ಣದ ದಪ್ಪ ದಪ್ಪ ಚುಕ್ಕೆಗಳು. ಲೂಪ್ (ತುದಿಯಲ್ಲಿ ಬಳೆಯಿರುವ ತಂತಿ) ತಾಗಿಸಿ ಎತ್ತಿದರೆ ಹಲಸಿನ ಅಂಟಿನಂತೆ ಎಳೆ ಬರುತ್ತಿತ್ತು. ಜೀವಿ ಯಾವುದೆಂದು ಗುರುತಿಸುವುದು ಕಷ್ಟವಾಗಲಿಲ್ಲ. ಅದು ಯಾವ ಔಷಧಿಗೆ ಬಗ್ಗುತ್ತದೆ, ಯಾವುದಕ್ಕೆ ಬಗ್ಗುವುದಿಲ್ಲ ಎಂದು ಹೇಳುವಲ್ಲಿ ನಾನು ಎಡವಿದೆ.

ನಮ್ಮ ಪ್ರಯೋಗಾಲಯದಲ್ಲಿ ಆಗ ಸ್ವಯಂಚಾಲಿತ ಯಂತ್ರವಿರಲಿಲ್ಲ. 1966ರಲ್ಲಿ ಬಾಯರ್, ಕರ್ಬಿ ಮತ್ತು ಸಂಗಡಿಗರು ಪ್ರಕಟಿಸಿದ ಡಿಸ್ಕ್ ವಿಧಾನವೇ ಆಧಾರ. ಬ್ಯಾಕ್ಟೀರಿಯಾವನ್ನು ಲವಣಜಲದಲ್ಲಿ ಕದಡಿ 0.5 ಮ್ಯಾಕ್‌ಫಾರ್ಲೆಂಡ್ ಎಂಬ ನಿಗದಿತ ಮಸುಕಿಗೆ ಹೊಂದಿಸುತ್ತೇವೆ. ತಟ್ಟೆಯಲ್ಲಿ ಹೆಪ್ಪುಗಟ್ಟಿಸಿದ ಪೋಷಕ ಮಾಧ್ಯಮವಾದ ಮುಲ್ಲರ್-ಹಿಂಟನ್ ಅಗರ್ ಮೇಲೆ ಮೂರು ದಿಕ್ಕಿನಲ್ಲಿ ಸವರಿ, ಔಷಧಿ ತುಂಬಿದ ಕಾಗದದ ಬಿಲ್ಲೆಗಳನ್ನಿಟ್ಟು, 35 ಡಿಗ್ರಿ ಶಾಖದಲ್ಲಿ 16ರಿಂದ 18 ಗಂಟೆ ಬಿಡುತ್ತೇವೆ. ಮರುದಿನ ಬೆಳಿಗ್ಗೆ ಬಿಲ್ಲೆಯ ಸುತ್ತ ಏನೂ ಬೆಳೆಯದೆ ಉಳಿದ ವೃತ್ತದ ವ್ಯಾಸವನ್ನು ಅಳೆಯುವುದು. ಈ ಗುಂಪಿನ ಬ್ಯಾಕ್ಟೀರಿಯಾಗಳಲ್ಲಿ ಮೆರೊಪೆನೆಮ್ ಎಂಬ ಪ್ರತಿಜೀವಕದ ಬಿಲ್ಲೆಯ ವೃತ್ತ 23 ಮಿ.ಮೀ. ಅಥವಾ ಹೆಚ್ಚಿದ್ದರೆ ಔಷಧಿ ನಾಟುತ್ತದೆ. 19 ಅಥವಾ ಕಡಿಮೆಯಿದ್ದರೆ ನಾಟುವುದಿಲ್ಲ.

ನನಗೆ ಬಂದದ್ದು 23. ವರದಿಗೆ ಸಹಿ ಹಾಕಿದೆ.

ಮೂರನೆಯ ದಿನ ವಾರ್ಡಿನಿಂದ ವೈದ್ಯರ ಕರೆ ಬಂತು: ಮೆರೊಪೆನೆಮ್ ನಡೆಯುತ್ತಿದೆ, ಜ್ವರ ಇಳಿದಿಲ್ಲ. ತಟ್ಟೆಯನ್ನು ಇನ್ನೂ ಎಸೆದಿರಲಿಲ್ಲ. ಬೆಳಕಿಗೆ ಹಿಡಿದಾಗ ಅದರ ಅಂಚು ಕಣ್ಣಿಗೆ ಬಿತ್ತು. ಅಗರ್ ತೆಳ್ಳಗಿತ್ತು. ಆ ವಾರ ಅಗರ್ ಪುಡಿ ಮುಗಿಯುತ್ತಾ ಬಂದಿದ್ದರಿಂದ, ಇದ್ದುದರಲ್ಲಿಯೇ ಹೆಚ್ಚು ತಟ್ಟೆ ಆಗಲೆಂದು ನಾನೇ ಕಣ್ಣಳತೆಯಲ್ಲಿ ಸುರಿದಿದ್ದೆ. ಇರಬೇಕಾದದ್ದು 4 ಮಿ.ಮೀ. ಆಳ. ಅದಕ್ಕಿಂತ ತೆಳುವಾದರೆ ಔಷಧಿ ಕೆಳಗೆ ಇಳಿಯಲು ಜಾಗವಿಲ್ಲದೆ ಪಕ್ಕಕ್ಕೆ ಹೆಚ್ಚು ಹರಡುತ್ತದೆ, ವೃತ್ತ ಸುಳ್ಳಾಗಿ ಹಿಗ್ಗುತ್ತದೆ. ಜೊತೆಗೆ ಹಾಕಬೇಕಿದ್ದ, ವೃತ್ತ ಎಷ್ಟಿರಬೇಕೆಂದು ಮೊದಲೇ ಗೊತ್ತಿರುವ ನಿಯಂತ್ರಣ ತಳಿ ಇ. ಕೋಲೈ 25922 ಅನ್ನು ಆ ಕಂತಿನ ತಟ್ಟೆಗಳಿಗೆ ಹಾಕಿರಲಿಲ್ಲ. ಹಾಕಿದ್ದರೆ ಅದರ ವೃತ್ತವೂ ಮಿತಿ ಮೀರಿ, ಅಂದೇ ತಿಳಿಯುತ್ತಿತ್ತು. ವೈದ್ಯರಿಗೆ ಆಗಲೇ ಹೇಳಿದೆ: ನನ್ನ ವರದಿಯನ್ನು ನಂಬಬೇಡಿ.

ಸರಿಯಾದ ತಟ್ಟೆಯಲ್ಲಿ ವೃತ್ತ 19ಕ್ಕೆ ಇಳಿಯಿತು. ಆದರೆ ಅಷ್ಟು ಸಾಲದು, ಬ್ಯಾಕ್ಟೀರಿಯಾ ಔಷಧಿಯನ್ನು ಒಡೆಯುತ್ತಿದೆಯೇ ಎಂದು ನೋಡಬೇಕಿತ್ತು. ಅದಕ್ಕಿರುವ ಪರೀಕ್ಷೆ ನನಗೆ ಬಹಳ ಇಷ್ಟ, ಏಕೆಂದರೆ ಅದಕ್ಕೆ ದುಬಾರಿಯಾದದ್ದೇನೂ ಬೇಡ. 2 ಮಿ.ಲೀ. ಸೋಯಾ ಸಾರಿನಲ್ಲಿ ಒಂದು ಲೂಪ್ ಬ್ಯಾಕ್ಟೀರಿಯಾ ಕಲಸಿ, ಮೆರೊಪೆನೆಮ್ ಬಿಲ್ಲೆಯೊಂದನ್ನು ಅದರಲ್ಲಿ 4 ಗಂಟೆ ನೆನೆಸುವುದು. ಆಮೇಲೆ ಅದೇ ಬಿಲ್ಲೆಯನ್ನು ಔಷಧಿಗೆ ಸುಲಭವಾಗಿ ಸಾಯುವ ಇ. ಕೋಲೈ ಸವರಿದ ತಟ್ಟೆಯ ಮೇಲಿಡುವುದು. ಬಿಲ್ಲೆಯಲ್ಲಿ ಔಷಧಿ ಉಳಿದಿದ್ದರೆ ದೊಡ್ಡ ವೃತ್ತ. ಬ್ಯಾಕ್ಟೀರಿಯಾದ ಕಿಣ್ವ ಅದನ್ನು ತಿಂದು ಹಾಕಿದ್ದರೆ ವೃತ್ತವಿಲ್ಲ. ಮರುದಿನ ನೋಡಿದರೆ ಇ. ಕೋಲೈ ಬಿಲ್ಲೆಯ ಅಂಚಿನವರೆಗೂ ಹಸನಾಗಿ ಬೆಳೆದಿತ್ತು. ಇನ್ನೊಂದು ನಳಿಕೆಗೆ ಇಡಿಟಿಎ ಎಂಬ ರಾಸಾಯನಿಕ ಬೆರೆಸಿದ್ದೆ, ಅದು ಕಿಣ್ವದಿಂದ ಸತುವನ್ನು ಕಸಿದುಕೊಳ್ಳುತ್ತದೆ. ಆ ಬಿಲ್ಲೆಯ ಸುತ್ತ 17 ಮಿ.ಮೀ. ವೃತ್ತ ಬಿಟ್ಟಿತ್ತು. ಸತುವಿಲ್ಲದೆ ಕೆಲಸ ಮಾಡಲಾರದ ಕಿಣ್ವ. 2009ರಲ್ಲಿ ವರದಿಯಾದ ಎನ್‌ಡಿಎಂ-1 ಎಂಬ ಕಿಣ್ವ ಈ ಜಾತಿಯದು. ಆದರೂ ವರದಿಯಲ್ಲಿ ಎನ್‌ಡಿಎಂ ಎಂದು ಬರೆಯಲಿಲ್ಲ. ಆ ಹೆಸರು ಬರೆಯಲು ಜೀನ್ ಪರೀಕ್ಷೆಯಂಥದ್ದು ಬೇಕು. ಸತು ಅವಲಂಬಿತ ಕಾರ್ಬಪೆನಮೇಸ್ (ಮೆರೊಪೆನೆಮ್ ಗುಂಪಿನ ಔಷಧಿಗಳನ್ನು ಒಡೆಯುವ ಕಿಣ್ವ) ಎಂದಷ್ಟೇ ಬರೆದೆ.

ಮುಂದಿನ ಪ್ರಶ್ನೆ, ಬೇರೆ ಔಷಧಿಗಳು ನಾಟದಾಗ ಉಳಿಯುವ ಪ್ರತಿಜೀವಕವಾದ ಕೊಲಿಸ್ಟಿನ್‌ನದು. ಅದಕ್ಕೆ ಬಿಲ್ಲೆಯ ವೃತ್ತವನ್ನು ನೆಚ್ಚಲೇಬಾರದು. ಅಣು ದೊಡ್ಡದು, ಅಗರ್‌ನಲ್ಲಿ ಸರಿಯಾಗಿ ಹರಡುವುದಿಲ್ಲ. ದ್ರವ ಮಾಧ್ಯಮದಲ್ಲಿಯೇ ನೋಡಬೇಕು. ನಮ್ಮಲ್ಲಿ ಆ ವ್ಯವಸ್ಥೆ ಇಲ್ಲದ್ದರಿಂದ ಮಾದರಿಯನ್ನು ದೊಡ್ಡ ಪ್ರಯೋಗಾಲಯಕ್ಕೆ ಕಳುಹಿಸಿದೆವು.

ಈಗ 90 ಮಿ.ಮೀ. ತಟ್ಟೆಯೊಂದಕ್ಕೆ 25 ಮಿ.ಲೀ. ಅಳೆದೇ ಸುರಿಯುತ್ತೇನೆ. ಮೇಜು ಓರೆಯಾಗಿದ್ದರೆ ಒಂದು ಬದಿ ದಪ್ಪ, ಇನ್ನೊಂದು ಬದಿ ತೆಳುವಾಗುತ್ತದೆ. ಹಾಗಾಗಿ ಗಾರೆ ಕೆಲಸದವರು ಬಳಸುವ ರಸಮಟ್ಟವೊಂದನ್ನು ತಂದಿಟ್ಟಿದ್ದೇನೆ. ಪ್ರತಿ ಕಂತಿನಲ್ಲಿ ಒಂದು ತಟ್ಟೆಯನ್ನು ಕೊಯ್ದು, ಅಗರ್‌ನ ತುಂಡನ್ನು ಸ್ಕೇಲಿನ ಪಕ್ಕ ನಿಲ್ಲಿಸಿ ನೋಡುತ್ತೇನೆ. ನಾಲ್ಕು ಬಂದರೆ ಉಳಿದವು ಫ್ರಿಜ್ಜಿಗೆ ಹೋಗುತ್ತವೆ.