ಸರ್ವರ್ ಎದ್ದಿತು, ಹಂಚಿಕೆ ಫೋಲ್ಡರ್‌ಗಳು ಏಳಲಿಲ್ಲ

ಇಮೇಲ್ ಸರ್ವರ್‌ನಲ್ಲಿ ಪ್ರತಿ ಇನ್‌ಬಾಕ್ಸ್‌ಗೂ ಒಬ್ಬ ಯಜಮಾನ ಇರುತ್ತಾನೆ. ಅದು ಕಾಣದಿದ್ದರೆ ಆತ ಕೂಡಲೇ ಫೋನ್ ಮಾಡುತ್ತಾನೆ. ಹಂಚಿಕೆ ಫೋಲ್ಡರ್‌ಗೆ ಅಂಥವರು ಯಾರೂ ಇಲ್ಲ. ಎಲ್ಲರೂ ಬಳಸುತ್ತಾರೆ, ಯಾರ ಹೆಸರಿನಲ್ಲೂ ಇರುವುದಿಲ್ಲ. ಬ್ಯಾಕಪ್‌ನಿಂದ ಸರ್ವರ್ ಮರಳಿ ತರುವವರು ಬಳಕೆದಾರರ ಪಟ್ಟಿ ಹಿಡಿದು ಹೊರಟರೆ ಮೊದಲು ಕೈತಪ್ಪುವುದು ಇದೇ. ರಾಯಚೂರಿನ ರಾಜೇಂದ್ರ ಗಂಜ್ ಕಡೆಯ ಒಂದು ಹತ್ತಿ ವ್ಯಾಪಾರದ ಕಚೇರಿಯಲ್ಲಿ ಹಾಗೇ ಆಗಿತ್ತು.

ಅವರದು ಸೈರಸ್ ಐಮ್ಯಾಪ್ ಸರ್ವರ್ (ಐಮ್ಯಾಪ್ ಅಂದರೆ ಮೇಲ್ ಸರ್ವರ್‌ನಲ್ಲೇ ಇದ್ದು, ಕಂಪ್ಯೂಟರ್‌ನಿಂದ ಅದನ್ನು ನೋಡುವ ಪದ್ಧತಿ). ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಸಾಫ್ಟ್‌ವೇರ್ ಅದು. ಸೆಂಟ್‌ಒಎಸ್ 7 ಎಂಬ ಲಿನಕ್ಸ್‌ನ ಮೇಲೆ ಅದರ 2.4ನೇ ಆವೃತ್ತಿ ಓಡುತ್ತಿತ್ತು. ಡಿಸ್ಕ್ ಹೋಯಿತು. ಅದನ್ನು ನೋಡಿಕೊಳ್ಳುತ್ತಿದ್ದವರು ಹೊಸ ಡಿಸ್ಕ್ ಹಾಕಿ, ಎಲ್ಲರ ಖಾತೆಗಳನ್ನು ಹೊಸದಾಗಿ ಮಾಡಿ, ಬ್ಯಾಕಪ್‌ನಿಂದ ಒಬ್ಬೊಬ್ಬರ ಮೇಲ್ ತಂದು ಹಾಕಿದ್ದರು. ನನ್ನನ್ನು ಕರೆದದ್ದು ಆಮೇಲೆ. ಗುಮಾಸ್ತರು ಫೋನಿನಲ್ಲಿ ಹೇಳಿದ್ದು ಇಷ್ಟು: "ಸರ, ನಮ್ಮ ನಮ್ಮ ಮೇಲ್ ಬಂದಾವ್ರಿ. ಆದ್ರ ಲ್ಯಾಬ್ ಫೋಲ್ಡರೂ ಇಲ್ಲ, ಖರೀದಿ ಫೋಲ್ಡರೂ ಕಾಣವಲ್ದು ನೋಡ್ರಿ."

ಲ್ಯಾಬ್ ಫೋಲ್ಡರ್ ಅಂದರೆ ಸಣ್ಣ ಮಾತಲ್ಲ. ಜಿನ್ನಿಂಗ್ ಮಿಲ್‌ನಿಂದ 170 ಕಿಲೋ ಬೇಲ್‌ಗಳ ಲಾಟ್ ಹೊರಡುವ ಮುಂಚೆ ಎಳೆಯ ಉದ್ದ, ಮೈಕ್ರೊನೇರ್ (ಎಳೆಯ ಸಪೂರತೆಯ ಅಳತೆ), ತೇವ, ಕಸ ಎಲ್ಲವನ್ನೂ ಪರೀಕ್ಷೆ ಮಾಡಿಸುತ್ತಾರೆ. ಆ ರಿಪೋರ್ಟ್ ಈ ಫೋಲ್ಡರ್‌ಗೇ ಬರುತ್ತದೆ. ಮುಂದೆ ನೂಲಿನ ಮಿಲ್‌ನವರು ‘ಮಾಲು ಸರಿ ಇಲ್ಲ, ದರ ಕಡಿತ ಮಾಡುತ್ತೇವೆ’ ಅಂದರೆ ತೋರಿಸಲು ಇರುವುದು ಅದೊಂದೇ. ಸೀಸನ್ ನಡುವೆ ಅದು ಇಲ್ಲದಿದ್ದರೆ ನಷ್ಟ ಕಚೇರಿಯವರಿಗೇ.

ಫೋನಿನಲ್ಲೇ ಎರಡು ಮಾತು ಹೇಳಿದೆ. ಸರ್ವರ್ ಸೇವೆ ನಿಲ್ಲಿಸಿ. ಎಲ್ಲರ ಕಂಪ್ಯೂಟರ್‌ನ ನೆಟ್‌ವರ್ಕ್ ಕೇಬಲ್ ತೆಗೆಯಿರಿ, ಮೇಲ್ ಓದುವ ಥಂಡರ್‌ಬರ್ಡ್ ಪ್ರೋಗ್ರಾಂ ತೆರೆಯಬೇಡಿ.

ಮೊದಲ ಮಾತಿಗೆ ಕಾರಣ ಇದು. ಸೈರಸ್‌ನಲ್ಲಿ ಯಾವ ಫೋಲ್ಡರ್ ಇದೆ, ಯಾರಿಗೆ ಏನು ಹಕ್ಕು ಎಂಬ ಪಟ್ಟಿ ‘ಮೇಲ್‌ಬಾಕ್ಸಸ್ ಡಾಟ್ ಡಿಬಿ’ ಎಂಬ ಒಂದೇ ಫೈಲ್‌ನಲ್ಲಿರುತ್ತದೆ. ಮೇಲ್‌ಗಳು ಇರುವುದು ಬೇರೆ ಕಡೆ, ಸ್ಪೂಲ್ ಡೈರೆಕ್ಟರಿಯಲ್ಲಿ. ಸಾಮಾನ್ಯ ಸೆಟಪ್‌ನಲ್ಲಿ ಪ್ರತಿ 30 ನಿಮಿಷಕ್ಕೆ ಒಮ್ಮೆ ಚೆಕ್‌ಪಾಯಿಂಟ್ ಓಡುತ್ತದೆ. ಅದು ಪಟ್ಟಿಯ ನಕಲನ್ನು ‘ಡಿಬಿ ಬ್ಯಾಕಪ್ 1’ ಎಂಬ ಡೈರೆಕ್ಟರಿಗೆ ಹಾಕಿ, ಹಳೆಯದನ್ನು ‘ಬ್ಯಾಕಪ್ 2’ಕ್ಕೆ ತಳ್ಳುತ್ತದೆ. ಅಂದರೆ ತಪ್ಪು ಪಟ್ಟಿಯೊಂದಿಗೆ ಸರ್ವರ್ ಒಂದು ಗಂಟೆ ಓಡಿದರೆ ಎರಡೂ ಕಡೆ ತಪ್ಪು ಪಟ್ಟಿಯೇ ಕೂರುತ್ತದೆ. ಇಲ್ಲಿ ಪಟ್ಟಿಯ ಡೈರೆಕ್ಟರಿ ಬ್ಯಾಕಪ್‌ನಲ್ಲೇ ಇರಲಿಲ್ಲ. ಹೊಸ ಡಿಸ್ಕ್‌ನಲ್ಲಿದ್ದ ಎರಡೂ ನಕಲಿನಲ್ಲಿ ಹೊಸ ಖಾತೆಗಳು ಮಾತ್ರ ಇದ್ದವು. ಆ ದಾರಿ ಮುಚ್ಚಿತ್ತು. ಆದರೂ ಇಂಥ ಹೊತ್ತಿನಲ್ಲಿ ಮೊದಲು ನೋಡಬೇಕಾದ ಜಾಗ ಅದೇ.

ಎರಡನೆಯ ಮಾತಿಗೆ ಕಾರಣ ಇನ್ನೂ ದೊಡ್ಡದು. ಥಂಡರ್‌ಬರ್ಡ್ ಐಮ್ಯಾಪ್ ಮೇಲ್‌ಗಳ ನಕಲನ್ನು ಕಂಪ್ಯೂಟರ್‌ನಲ್ಲೇ ಇಟ್ಟಿರುತ್ತದೆ. ಸರ್ವರ್‌ನಲ್ಲಿ ಫೋಲ್ಡರ್ ಇಲ್ಲ ಎಂದು ಗೊತ್ತಾದರೆ ತನ್ನ ನಕಲನ್ನೂ ಅಳಿಸಬಹುದು. ಬ್ಯಾಕಪ್ ಆದ ಮೇಲೆ ಡಿಸ್ಕ್ ಹೋಗುವ ತನಕ ಬಂದ ಮೇಲ್‌ಗಳು ಉಳಿದಿದ್ದರೆ ಅಲ್ಲಿ ಮಾತ್ರ ಅಲ್ವಾ? ಹಾಗಾಗಿ ಎಲ್ಲಕ್ಕಿಂತ ಮುಂಚೆ ಪ್ರತಿ ಕಂಪ್ಯೂಟರ್‌ನಿಂದ ಆ ನಕಲಿರುವ ಪ್ರೊಫೈಲ್ ಡೈರೆಕ್ಟರಿಯನ್ನು ಪೆನ್‌ಡ್ರೈವ್‌ಗೆ ನಕಲು ಮಾಡಿಕೊಂಡೆ. ಅಷ್ಟರಲ್ಲಿ ಕೆಲವರು ಥಂಡರ್‌ಬರ್ಡ್ ತೆರೆದಾಗಿತ್ತು, ಅವರ ಬಳಿ ಆ ಫೋಲ್ಡರ್ ಇರಲಿಲ್ಲ. ಲ್ಯಾಬ್ ರಿಪೋರ್ಟ್ ನೋಡುವ ಹುಡುಗ ಮಾನ್ವಿಗೆ ಹೋಗಿದ್ದ, ಅವನ ಕಂಪ್ಯೂಟರ್ ಆಫ್ ಆಗಿತ್ತು. ಅವನು ಬಳಸುತ್ತಿದ್ದ ಫೋಲ್ಡರ್‌ಗಳೆಲ್ಲ ಅದರಲ್ಲಿದ್ದವು.

ಇನ್ನು ಫೋಲ್ಡರ್ ನಿಜವಾಗಿ ಇಲ್ಲವೋ, ಇದ್ದೂ ಕಾಣುತ್ತಿಲ್ಲವೋ ನೋಡಬೇಕು. ಐಮ್ಯಾಪ್ ಫೋಲ್ಡರ್‌ಗಳ ಹಕ್ಕಿನ ಮಾನದಂಡವಾದ ಆರ್‌ಎಫ್‌ಸಿ 4314ರಲ್ಲಿ ಹೇಳಿದ ಹಕ್ಕುಗಳಲ್ಲಿ ‘ಎಲ್’ ಎಂಬ ಅಕ್ಷರ ಇಲ್ಲದಿದ್ದರೆ ಬಳಕೆದಾರನಿಗೆ ಫೋಲ್ಡರ್‌ನ ಹೆಸರೂ ಕಾಣುವುದಿಲ್ಲ. ಸೈರಸ್‌ನ ಅಡ್ಮಿನ್ ಖಾತೆಗೆ ಮಾತ್ರ ಎಲ್ಲವೂ ಕಾಣುತ್ತದೆ. ಹೊರಗಿನವರಿಗೆ ಮುಚ್ಚಿಟ್ಟೇ ಸೇವೆ ಶುರು ಮಾಡಿ ಅಡ್ಮಿನ್ ಆಗಿ ಲಾಗಿನ್ ಆದೆ. ಅಲ್ಲೂ ಇರಲಿಲ್ಲ. ಆದರೆ ಸ್ಪೂಲ್‌ನಲ್ಲಿ ಅರೆಬರೆ ಒಂದು ಡೈರೆಕ್ಟರಿ ಬಂದು ಕೂತಿತ್ತು. ಯಾರೋ ನಂತರ ತಂದು ಹಾಕಿದ್ದರು.

ಇಲ್ಲಿ ಎರಡು ತೊಡಕುಗಳಿದ್ದವು. ಕನ್ನಡದಲ್ಲಿ ಕೆಲಸ ಮಾಡುವ ಯಾರಿಗೂ ಮೊದಲನೆಯದು ಎದುರಾಗಬಹುದು. ಐಮ್ಯಾಪ್‌ನಲ್ಲಿ ಇಂಗ್ಲಿಷ್ ಅಲ್ಲದ ಫೋಲ್ಡರ್ ಹೆಸರುಗಳನ್ನು ಯುಟಿಎಫ್-7 ಎಂಬ ಅಕ್ಷರ ಸಂಕೇತದ ಒಂದು ಮಾರ್ಪಾಟಿನಲ್ಲಿ ಬರೆಯುತ್ತಾರೆ. ‘ಖರೀದಿ’ ಎಂಬ ಹೆಸರು ಡಿಸ್ಕ್‌ನಲ್ಲಿ & ಗುರುತಿನಿಂದ ಶುರುವಾಗಿ, ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ, ಕೊನೆಗೆ ಒಂದು ಅಡ್ಡಗೆರೆಯಾಗಿ ಕಾಣುತ್ತದೆ. ಕನ್ನಡ ಅಕ್ಷರದಿಂದ ಶುರುವಾಗುವ ಹೆಸರಿನಲ್ಲಿ & ನಂತರ ಯಾವಾಗಲೂ ದೊಡ್ಡ ‘ಡಿ’ ಬರುತ್ತದೆ. ಇದು ಗೊತ್ತಿಲ್ಲದವರಿಗೆ ಅದು ಕೆಟ್ಟುಹೋದ ಫೈಲ್‌ನಂತೆ ಕಾಣುವುದು ಸಹಜ. ಇಂಗ್ಲಿಷ್ ಹೆಸರಿನ ಫೋಲ್ಡರ್‌ಗಳನ್ನು ತಂದು, ಇವನ್ನು ಕಸ ಎಂದು ಬಿಟ್ಟಿದ್ದರು. ಕನ್ನಡದಲ್ಲಿ ಹೆಸರಿಡುವುದನ್ನು ನಿಲ್ಲಿಸಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಆ ಕಚೇರಿಯ ಜನ ಓದುವುದು ಕನ್ನಡ. ಸರ್ವರ್ ನೋಡಿಕೊಳ್ಳುವವರು ಈ ಗುರುತನ್ನು ಕಲಿಯಬೇಕು.

ಎರಡನೆಯದು ಒಂದು ಚುಕ್ಕಿಯ ವಿಷಯ. ಸೈರಸ್ ಪ್ರತಿ ಮೇಲ್‌ಗೂ ಒಂದು ಫೈಲ್ ಇಡುತ್ತದೆ. ಹೆಸರು ಬರೀ ಸಂಖ್ಯೆ, ಕೊನೆಯಲ್ಲಿ ಚುಕ್ಕಿ: ‘1.’, ‘2.’ ಹೀಗೆ. ವಿಂಡೋಸ್‌ಗೆ ಚುಕ್ಕಿಯಿಂದ ಮುಗಿಯುವ ಹೆಸರು ಒಗ್ಗುವುದಿಲ್ಲ. ಬ್ಯಾಕಪ್‌ನ ಟಾರ್ ಫೈಲ್ ಅನ್ನು (ಹಲವು ಫೈಲ್‌ಗಳ ಒಂದೇ ಕಟ್ಟು) ವಿಂಡೋಸ್ ಕಂಪ್ಯೂಟರ್‌ನಲ್ಲಿ ಬಿಚ್ಚಿ ಸರ್ವರ್‌ಗೆ ಕಳಿಸಿದ್ದರು. ಚುಕ್ಕಿಗಳೆಲ್ಲ ಉದುರಿದ್ದವು. ಚುಕ್ಕಿ ಇಲ್ಲದ ಫೈಲ್ ಸೈರಸ್‌ನ ಲೆಕ್ಕಕ್ಕೇ ಬರುವುದಿಲ್ಲ. ಫೋಲ್ಡರ್ ತುಂಬಾ ಫೈಲ್ ಇದ್ದರೂ ಮೇಲ್ ಸೊನ್ನೆ.

ಮೂಲ ಟಾರ್ ಫೈಲ್ ಸುರಕ್ಷಿತವಾಗಿತ್ತು. ಅರೆಬರೆ ಡೈರೆಕ್ಟರಿಯನ್ನು ಅಳಿಸದೆ ಪಕ್ಕಕ್ಕೆ ಸರಿಸಿ, ಲಿನಕ್ಸ್‌ನಲ್ಲೇ ನೇರವಾಗಿ ಬಿಚ್ಚಿದೆ. ಎಲ್ಲದರ ಒಡೆತನವನ್ನು ಸೈರಸ್ ಬಳಕೆದಾರನಿಗೆ ಬದಲಿಸಿದೆ. ಯಾವ ಪ್ರೋಗ್ರಾಂ ಯಾವ ಫೈಲ್ ಮುಟ್ಟಬಹುದು ಎಂದು ಹೇಳುವ ಎಸ್‌ಇಲಿನಕ್ಸ್ ಲೇಬಲ್‌ಗಳನ್ನೂ ಸರಿಮಾಡಿದೆ. ರೂಟ್ (ಲಿನಕ್ಸ್‌ನ ಮುಖ್ಯ ಖಾತೆ) ಆಗಿ ಬಿಚ್ಚಿ ಹಾಗೇ ಬಿಟ್ಟರೆ ಮುಂದಿನ ಯಾವ ಹೆಜ್ಜೆಯೂ ನಡೆಯುವುದಿಲ್ಲ.

ಈಗ ಪಟ್ಟಿಗೆ ಸೇರಿಸಬೇಕು. ಅಡ್ಮಿನ್ ಆಗಿ ಅದೇ ಹೆಸರಿನ ಹೊಸ ಫೋಲ್ಡರ್ ಮಾಡಿ ಮೇಲ್ ತುಂಬುವುದು ಸುಲಭ ಅನ್ನಿಸುತ್ತದೆ. ನಾನು ಹಾಗೆ ಮಾಡಲಿಲ್ಲ. ಪ್ರತಿ ಫೋಲ್ಡರ್‌ನಲ್ಲಿ ‘ಸೈರಸ್ ಡಾಟ್ ಹೆಡರ್’ ಎಂಬ ಸಣ್ಣ ಫೈಲ್ ಇದೆ. ಅದರಲ್ಲಿ ಆ ಫೋಲ್ಡರ್‌ನ ಗುರುತು ಸಂಖ್ಯೆ ಇದೆ. ಯಾರು ಯಾವ ಮೇಲ್ ಓದಿದ್ದಾರೆ ಎಂಬ ಲೆಕ್ಕ ಆ ಸಂಖ್ಯೆಗೆ ಕಟ್ಟಿಕೊಂಡಿರುತ್ತದೆ. ಹೊಸ ಫೋಲ್ಡರ್ ಮಾಡಿದರೆ ಹೊಸ ಸಂಖ್ಯೆ ಬರುತ್ತದೆ. ಆದ್ದರಿಂದ ಸೈರಸ್‌ನದೇ ‘ರಿಕನ್‌ಸ್ಟ್ರಕ್ಟ್’ ಎಂಬ ಆದೇಶ ಬಳಸಿದೆ. ಪಟ್ಟಿಯಲ್ಲೇ ಇಲ್ಲದ ಮೇಲ್ಮಟ್ಟದ ಫೋಲ್ಡರ್‌ಗೆ ‘ಪಿ’ ಆಯ್ಕೆಯೊಂದಿಗೆ ಪಾರ್ಟಿಷನ್ (ಸ್ಪೂಲ್‌ನ ಭಾಗ) ಹೆಸರು ಕೊಡಬೇಕು. ಫೋಲ್ಡರ್ ಹೆಸರನ್ನು ಪೂರ್ತಿ ಬರೆಯಬೇಕು, ನಕ್ಷತ್ರ ಗುರುತು ಹಾಕುವಂತಿಲ್ಲ. ಅದು ಬಂದ ಮೇಲೆ ‘ಎಫ್’ ಆಯ್ಕೆ. ಅದು ಡಿಸ್ಕ್‌ನಲ್ಲಿ ಕೆಳಗಿಳಿದು, ಹೆಡರ್ ಫೈಲ್ ಇರುವ ಪ್ರತಿ ಡೈರೆಕ್ಟರಿಯನ್ನೂ ಫೋಲ್ಡರ್ ಆಗಿ ಸೇರಿಸುತ್ತದೆ. ‘ಖರೀದಿ’, ‘ಲ್ಯಾಬ್’, ‘ಲಾರಿ’ ಒಂದೊಂದಾಗಿ ಪರದೆ ಮೇಲೆ ಬಂದವು. ಗುಮಾಸ್ತರು ಪಕ್ಕದಲ್ಲೇ ನಿಂತಿದ್ದರು. "ಬಂತಲ್ಲರಿ ಸರ!" ಅಂದರು.

ಅಷ್ಟಕ್ಕೆ ಮುಗಿಯಲಿಲ್ಲ. ಹಕ್ಕುಗಳ ಕೆಲಸಕ್ಕೆ ಇದಕ್ಕಿಂತ ಜಾಸ್ತಿ ಹೊತ್ತು ಹಿಡಿಯಿತು. ಎಲ್ಲರಿಗೂ ಎಲ್ಲವನ್ನೂ ತೆರೆದುಬಿಟ್ಟರೆ ಆ ದಿನದ ಗದ್ದಲ ನಿಲ್ಲುತ್ತದೆ, ನಿಜ. ಆದರೆ ‘ಖರೀದಿ’ಯಲ್ಲಿ ದರದ ಮಾತುಕತೆ ಇದೆ. ಅದನ್ನು ಲಾರಿ ಕಳಿಸುವವರು ಓದುವಂತಿಲ್ಲ. ಹಳೆಯ ಹಕ್ಕುಗಳೂ ಅದೇ ಹೆಡರ್ ಫೈಲ್‌ನಲ್ಲಿ ಕಣ್ಣಿಗೆ ಓದುವಂತೆ ಬರೆದಿರುತ್ತವೆ. ಒಂದೊಂದನ್ನೂ ತೆರೆದು, ಹೆಸರು ಮತ್ತು ಹಕ್ಕನ್ನು ಕಾಗದದ ಮೇಲೆ ಬರೆದು, ಸಾಹುಕಾರರ ಮುಂದಿಟ್ಟೆ. ಕೆಲಸ ಬಿಟ್ಟುಹೋದವರ ಹೆಸರುಗಳೂ ಅದರಲ್ಲಿದ್ದವು. ಸಾಹುಕಾರರು ಆ ಹೆಸರುಗಳ ಮೇಲೆ ಗೆರೆ ಎಳೆದರು. ಉಳಿದದ್ದನ್ನು ನಾನೇ ಕೈಯಿಂದ ಹಾಕಿದೆ.

‘ಪಿ’ ಎಂಬ ಹಕ್ಕಿನ ಬಗ್ಗೆ ಬೇರೆಯಾಗಿ ಹೇಳಬೇಕು. ಹೊರಗಿನಿಂದ ಬರುವ ಮೇಲ್ ನೇರವಾಗಿ ಹಂಚಿಕೆ ಫೋಲ್ಡರ್‌ಗೆ ಬೀಳಬೇಕಾದರೆ ‘ಎನಿಒನ್’ (ಯಾರಾದರೂ) ಎಂಬ ಹೆಸರಿಗೆ ಅಲ್ಲಿ ‘ಪಿ’ ಇರಲೇಬೇಕು. ಅದು ಓದುವ ಹಕ್ಕಲ್ಲ, ಹಾಕುವ ಹಕ್ಕು ಮಾತ್ರ. ಇದು ಬಿಟ್ಟುಹೋದರೆ ಹಳೆಯ ಮೇಲ್ ಎಲ್ಲಾ ಕಾಣುತ್ತದೆ, ಎಲ್ಲರೂ ಸಮಾಧಾನವಾಗಿ ಮನೆಗೆ ಹೋಗುತ್ತಾರೆ, ಲ್ಯಾಬ್‌ನವರ ಹೊಸ ರಿಪೋರ್ಟ್ ಮಾತ್ರ ಒಳಗೆ ಬರುವುದಿಲ್ಲ. ನನ್ನ ಮೊಬೈಲ್‌ನಿಂದ ಪ್ರತಿ ಫೋಲ್ಡರ್ ವಿಳಾಸಕ್ಕೂ ಒಂದೊಂದು ಮೇಲ್ ಕಳಿಸಿ, ಬಂತೆಂದು ಕಣ್ಣಾರೆ ನೋಡಿದೆ.

ಉಳಿದದ್ದು ನಡುವಿನ ದಿನಗಳ ಮೇಲ್. ಮಾನ್ವಿಗೆ ಹೋದ ಹುಡುಗನ ಪ್ರೊಫೈಲ್ ನಕಲನ್ನು ನನ್ನ ಲ್ಯಾಪ್‌ಟಾಪ್‌ನಲ್ಲಿ ಆಫ್‌ಲೈನ್ ಆಗಿ ತೆರೆದೆ. ಬ್ಯಾಕಪ್ ತಾರೀಖಿನ ನಂತರದ ಮೇಲ್‌ಗಳನ್ನು ಮೊದಲು ‘ಲೋಕಲ್ ಫೋಲ್ಡರ್ಸ್’ಗೆ ನಕಲು ಮಾಡಿದೆ. ಪ್ರತಿ ಮೇಲ್‌ನ ಗುರುತಾದ ಮೆಸೇಜ್-ಐಡಿ ಹೋಲಿಸಿ ಸರ್ವರ್‌ನಲ್ಲಿ ಆಗಲೇ ಇರುವುದನ್ನು ತೆಗೆದೆ. ಉಳಿದದ್ದನ್ನು ಹಂಚಿಕೆ ಫೋಲ್ಡರ್‌ಗೆ ಎಳೆದು ಹಾಕಿದೆ. ‘ಲಾರಿ’ ಫೋಲ್ಡರ್ ಅವನ ಬಳಿ ಇರಲಿಲ್ಲ. ಅದರ ನಡುವಿನ ಮೇಲ್‌ಗಳನ್ನು ಟ್ರಾನ್ಸ್‌ಪೋರ್ಟ್‌ನವರ ‘ಸೆಂಟ್’ ಫೋಲ್ಡರ್‌ನಿಂದ ಮತ್ತೆ ತರಿಸಿಕೊಂಡೆವು. ಒಂದಷ್ಟು ಸಿಗಲೇ ಇಲ್ಲ. ಅದನ್ನು ಸಾಹುಕಾರರಿಗೆ ತಾರೀಖು ಸಮೇತ ಬರೆದು ಕೊಟ್ಟೆ.

ಕೊನೆಗೆ ಎಲ್ಲರೂ ಥಂಡರ್‌ಬರ್ಡ್‌ನಲ್ಲಿ ಫೋಲ್ಡರ್‌ಗಳಿಗೆ ಮತ್ತೆ ಸಬ್‌ಸ್ಕ್ರೈಬ್ ಆಗಬೇಕಾಯಿತು. ಯಾರು ಯಾವ ಫೋಲ್ಡರ್‌ಗೆ ಸಬ್‌ಸ್ಕ್ರೈಬ್ ಆಗಿದ್ದರು ಎಂಬ ಪಟ್ಟಿಯೂ ಬ್ಯಾಕಪ್‌ನಲ್ಲಿ ಇರಲಿಲ್ಲ.

ಈಗ ಅಲ್ಲಿ ಪ್ರತಿ ರಾತ್ರಿ ಫೋಲ್ಡರ್ ಪಟ್ಟಿ ಹಕ್ಕುಗಳ ಸಮೇತ ಸಾದಾ ಪಠ್ಯವಾಗಿ ಹೊರಬರುತ್ತದೆ. ‘ಸಿಟಿಎಲ್ ಎಂಬಾಕ್ಸ್‌ಲಿಸ್ಟ್’ ಎಂಬ ಸೈರಸ್ ಆದೇಶಕ್ಕೆ ‘ಡಿ’ ಆಯ್ಕೆ ಕೊಟ್ಟು, ನಿಗದಿತ ಹೊತ್ತಿಗೆ ಕೆಲಸ ಓಡಿಸುವ ಕ್ರಾನ್‌ನಲ್ಲಿ ಹಾಕಿದ್ದೇನೆ. ಸ್ಪೂಲ್ ಮತ್ತು ಪಟ್ಟಿ ಎರಡೂ ಒಂದೇ ಟಾರ್ ಫೈಲ್‌ಗೆ ಹೋಗುತ್ತವೆ. ಇದೆಲ್ಲ 2.4ರ ಮಾತು. 3.6ರಿಂದ ಸೈರಸ್ ಹೊಸ ಫೋಲ್ಡರ್‌ಗಳನ್ನು ಡಿಸ್ಕ್‌ನಲ್ಲಿ ಹೆಸರಿನ ಬದಲು ಗುರುತು ಸಂಖ್ಯೆಯಲ್ಲಿ ಇಡುತ್ತದೆ. ಅಲ್ಲಿ ಹೆಸರು ನೋಡಿ ಹುಡುಕುವ ಈ ದಾರಿ ನಡೆಯುವುದಿಲ್ಲ. ಅದಕ್ಕೇ ಆ ಪಟ್ಟಿಯ ನಕಲು ಅಲ್ಲಿ ಇನ್ನೂ ಜಾಸ್ತಿ ಬೇಕು.