ಬ್ಯಾಟರಿಗೆ ಬೈಯುವ ಮೊದಲು ವೈರು ನೋಡಿ

ಪುನರ್ವಸು ಮಳೆ ಹಿಡಿಯಿತೆಂದರೆ ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರ ಕಡೆ ಎಲೆಕ್ಟ್ರಿಕ್ ಸ್ಕೂಟರುಗಳು ಮುನಿಸಿಕೊಳ್ಳತೊಡಗುತ್ತವೆ. ಏರಿನಲ್ಲಿ ತಟ್ಟನೆ ನಿಲ್ಲುತ್ತವೆ, ಸ್ವಲ್ಪ ಹೊತ್ತು ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಹೊರಡುತ್ತವೆ. ಒಬ್ಬರು ‘ಬ್ಯಾಟರಿ ಹೋಯ್ತು’ ಅನ್ನುತ್ತಾರೆ, ಇನ್ನೊಬ್ಬರು ‘ಕಂಟ್ರೋಲರ್ (ಮೋಟಾರಿಗೆ ಕರೆಂಟ್ ಬಿಡುವ ಪೆಟ್ಟಿಗೆ) ಬದಲಿಸಿ’ ಅನ್ನುತ್ತಾರೆ. ಎರಡೂ ಸಾವಿರಗಟ್ಟಲೆ ರೂಪಾಯಿಯ ಮಾತು. ಆದರೆ ಎಷ್ಟೋ ಸಲ ರಗಳೆ ಇರುವುದು ಕಿಲುಬು ಹಿಡಿದ ಒಂದು ಕನೆಕ್ಟರಿನಲ್ಲಿ, ಇಲ್ಲವೇ ಸವೆದ ಒಂದು ವೈರಿನಲ್ಲಿ. ಹುಡುಕಲು ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಸಾಕು. ಆತುರ ಮಾತ್ರ ಇರಬಾರದು.

ಇದು 48, 60, 72 ವೋಲ್ಟಿನ ಸ್ಕೂಟರುಗಳಿಗಷ್ಟೇ ಅನ್ವಯಿಸುವ ಮಾತು. ಕಾರಿನ ಕಿತ್ತಳೆ ಬಣ್ಣದ ಕೇಬಲ್‌ಗಳಲ್ಲಿ 300-400 ವೋಲ್ಟ್ ಇರುತ್ತದೆ, ಅದು ತರಬೇತಿ ಪಡೆದವರದೇ ಕೆಲಸ. ಸ್ಕೂಟರನ್ನೂ ಸಸಾರ ಮಾಡುವಂತಿಲ್ಲ. ಪ್ಲಸ್ಸು ಮೈನಸ್ಸಿನ ನಡುವೆ ಒಂದು ಸ್ಪ್ಯಾನರ್ ಬಿದ್ದರೂ ಕೈ ಸುಡುವಷ್ಟು ಕಿಡಿ ಹಾರುತ್ತದೆ. ಉಂಗುರ, ವಾಚು, ಬಳೆ ತೆಗೆದಿಡಿ. ಯಾವುದೇ ಕನೆಕ್ಟರ್ ಬಿಚ್ಚುವ ಮೊದಲು ಕೀ ಆಫ್ ಮಾಡಿ, ಎಂಸಿಬಿ (ಬ್ಯಾಟರಿಯ ಕರೆಂಟ್ ಕಡಿಯುವ ಸ್ವಿಚ್) ಇಳಿಸಿ, ಕೆಲವು ನಿಮಿಷ ಬಿಡಿ. ಕಂಟ್ರೋಲರಿನ ಕೆಪಾಸಿಟರಿನಲ್ಲಿ ಅಷ್ಟು ಹೊತ್ತು ಚಾರ್ಜ್ ಉಳಿದಿರುತ್ತದೆ. ಲಿಥಿಯಂ ಪ್ಯಾಕನ್ನಂತೂ ಬಿಚ್ಚಲೇಬೇಡಿ. ಗಾಡಿ ವಾರಂಟಿಯಲ್ಲಿದ್ದರೆ ಸೀಲ್ ಒಡೆಯದೆ ನೋಡಬಹುದಾದಷ್ಟನ್ನೇ ನೋಡಿ.

ಲಕ್ಷಣದಿಂದ ಶುರು ಮಾಡಿ

ಹಾರ್ನ್, ಲೈಟ್, ಮೀಟರ್ ಯಾವುದೂ ಇಲ್ಲದೆ ಗಾಡಿ ಪೂರ್ತಿ ಸತ್ತಿದ್ದರೆ ಬ್ಯಾಟರಿಯಿಂದ ಹೊರಟು ಕರೆಂಟ್ ಎಲ್ಲಿ ಕಾಣೆಯಾಗುತ್ತದೆ ಎಂದು ನೋಡುತ್ತಾ ಹೋಗಬೇಕು. ಮಲ್ಟಿಮೀಟರನ್ನು 200 ವೋಲ್ಟ್ ಡಿಸಿಗೆ ಇಡಿ. 12 ವೋಲ್ಟಿನ ಐದು ಲೆಡ್ ಆಸಿಡ್ ಬ್ಯಾಟರಿ ಸೇರಿದ 60 ವೋಲ್ಟಿನ ಗಾಡಿಯಲ್ಲಿ, ಚಾರ್ಜ್ ತುಂಬಿ ಒಂದಷ್ಟು ಹೊತ್ತು ಬಿಟ್ಟ ಮೇಲೆ 64 ವೋಲ್ಟಿನ ಆಸುಪಾಸು ಕಾಣಬೇಕು. ಕಪ್ಪು ಪ್ರೋಬನ್ನು (ಮೀಟರಿನ ಕಡ್ಡಿ) ಬ್ಯಾಟರಿಯ ಮೈನಸ್ಸಿಗೇ ಇಟ್ಟುಕೊಂಡು ಕೆಂಪನ್ನು, ಎಂಸಿಬಿ ಏರಿಸಿ ಅದರ ಎರಡೂ ಕಡೆ, ಆಮೇಲೆ ಫ್ಯೂಸಿನ ಎರಡೂ ಕಡೆ, ಕೊನೆಗೆ ಕಂಟ್ರೋಲರಿಗೆ ಹೋಗುವ ದಪ್ಪ ವೈರಿನಲ್ಲಿ ಇಟ್ಟು ನೋಡಿ. ಎಲ್ಲಿ 64 ಇದ್ದದ್ದು ಸೊನ್ನೆಯಾಯಿತೋ ಅದರ ಹಿಂದಿನ ತುಂಡಿನಲ್ಲೇ ದೋಷ. ಫ್ಯೂಸ್ ಸುಟ್ಟಿದ್ದರೆ ಅಷ್ಟೇ ಆಂಪಿಯರಿನದನ್ನು ಹಾಕಿ. ಜಾಗದಲ್ಲಿ ತಾಮ್ರದ ತಂತಿ ಸುತ್ತುವ ಜಾಣತನ ಗಾಡಿಯನ್ನೇ ಸುಟ್ಟೀತು.

ಲೈಟು ಹತ್ತುತ್ತದೆ, ಹಾರ್ನ್ ಕೂಗುತ್ತದೆ, ಆದರೆ ಚಕ್ರ ತಿರುಗುವುದಿಲ್ಲ ಎಂದಾದರೆ ಮೀಟರ್ ಹಿಡಿಯುವ ಮೊದಲು ಹಿಂದೆ ಹೋಗಿ ಬ್ರೇಕ್ ಲೈಟ್ ನೋಡಿ. ಲಿವರ್ ಮುಟ್ಟದೆಯೇ ಅದು ಉರಿಯುತ್ತಿದ್ದರೆ ಬ್ರೇಕ್ ಸ್ವಿಚ್ ಅಂಟಿಕೊಂಡಿದೆ, ಬ್ರೇಕ್ ಹಿಡಿದಿದೆ ಎಂದುಕೊಂಡು ಕಂಟ್ರೋಲರ್ ಮೋಟಾರಿಗೆ ಕರೆಂಟ್ ಬಿಡುತ್ತಿಲ್ಲ. ಸೈಡ್ ಸ್ಟ್ಯಾಂಡಿನ ಸ್ವಿಚ್ಚಿಗೆ ಕೆಸರು ಮೆತ್ತಿದರೂ ಇದೇ ಕಥೆ. ಎರಡೂ ಸರಿಯಿದ್ದರೆ ಥ್ರಾಟಲಿನ, ಅಂದರೆ ಎಕ್ಸಿಲರೇಟರ್ ಹಿಡಿಯ, ಮೂರು ವೈರಿಗೆ ಬನ್ನಿ. ಡಬಲ್ ಸ್ಟ್ಯಾಂಡ್ ಹಾಕಿ ಹಿಂದಿನ ಚಕ್ರ ನೆಲಕ್ಕೆ ತಾಗದಂತೆ ಮಾಡಿ, ಕನೆಕ್ಟರಿನ ಹಿಂಬದಿಯಿಂದ ಪ್ರೋಬ್ ತೂರಿಸಿ. ಕಪ್ಪು ವೈರಿಗೂ ಕೆಂಪಿಗೂ ನಡುವೆ ಸುಮಾರು 5 ವೋಲ್ಟ್ ಇರಬೇಕು. ಮೂರನೆಯದಾದ ಸಿಗ್ನಲ್ ವೈರಿನಲ್ಲಿ ಥ್ರಾಟಲ್ ಬಿಟ್ಟಾಗ ಒಂದು ವೋಲ್ಟಿನ ಹತ್ತಿರ, ತಿರುಗಿಸುತ್ತಾ ಹೋದಂತೆ ನಾಲ್ಕರ ಹತ್ತಿರಕ್ಕೆ ಏರಬೇಕು.

ಆ 5 ವೋಲ್ಟೇ ಇಲ್ಲದಿದ್ದರೆ ಕಂಟ್ರೋಲರ್ ಸತ್ತಿತೆಂದು ತೀರ್ಮಾನಿಸಬೇಡಿ. ಅನೇಕ ಗಾಡಿಗಳಲ್ಲಿ ಥ್ರಾಟಲಿಗೂ ಮೋಟಾರಿನ ಹಾಲ್ ಸೆನ್ಸರಿಗೂ (ಮೋಟಾರು ಎಷ್ಟು ತಿರುಗಿದೆಯೆಂದು ಕಂಟ್ರೋಲರಿಗೆ ತಿಳಿಸುವ ಭಾಗ) ಅದೇ 5 ವೋಲ್ಟ್ ಹಂಚಿಕೆಯಾಗುತ್ತದೆ, ಒಂದು ಕಡೆ ಶಾರ್ಟ್ ಆದರೆ ಎರಡೂ ಮಲಗುತ್ತವೆ. ಮೋಟಾರಿನ ಸಣ್ಣ ಪ್ಲಗ್ ಬಿಚ್ಚಿ ನೋಡಿ. ಥ್ರಾಟಲಿನಲ್ಲಿ ವೋಲ್ಟೇಜ್ ಮರಳಿ ಬಂದರೆ ದೋಷ ಮೋಟಾರಿನ ಕಡೆಗಿದೆ.

ಗಾಡಿ ಗಡಗಡ ನಡುಗಿ ಜಗ್ಗಾಡಿದರೆ ಹಾಲ್ ಸೆನ್ಸರಿನ ಸಿಗ್ನಲ್ ತಪ್ಪಿದೆ ಎಂದು ಅನುಮಾನಿಸಿ. ಥ್ರಾಟಲ್ ಪ್ಲಗ್ ಬಿಚ್ಚಿಟ್ಟು ಕೀ ಆನ್ ಮಾಡಿ, ಚಕ್ರವನ್ನು ಕೈಯಿಂದ ನಿಧಾನ ತಿರುಗಿಸಿ. ಸಾಮಾನ್ಯವಾಗಿ ಹಳದಿ, ಹಸಿರು, ನೀಲಿ ಬಣ್ಣದ ಮೂರು ಸಣ್ಣ ವೈರುಗಳಲ್ಲೂ ವೋಲ್ಟೇಜ್ ಸೊನ್ನೆಗೂ 5ಕ್ಕೂ ನಡುವೆ ಜಿಗಿಯುತ್ತಿರಬೇಕು. ಒಂದು ಅಲುಗಾಡದೆ ನಿಂತಿದ್ದರೆ ಆ ವೈರು ಅಥವಾ ಅದರ ಸೆನ್ಸರ್ ಕೆಟ್ಟಿದೆ. ಇತ್ತೀಚೆಗೆ ಹಿಂದಿನ ಚಕ್ರಕ್ಕೆ ಪಂಕ್ಚರ್ ಹಾಕಿಸಿದ್ದರೆ ಆಕ್ಸಲಿನಿಂದ ವೈರು ಹೊರಬರುವ ಜಾಗವನ್ನು ಮೊದಲು ನೋಡಿ. ಚಕ್ರ ಬಿಚ್ಚುವಾಗ ಎಳೆತ ಬೀಳುವುದು ಅಲ್ಲಿಗೇ.

ಬಂದು ಹೋಗುವ ದೋಷ

ತಲೆನೋವಿನದು ಇದು. ಮನೆಯಲ್ಲಿ ಎಲ್ಲ ಸರಿ, ಚಿಕ್ಕಮಗಳೂರು ಬಳಿಯ ಕೈಮರದ ಏರಿನಲ್ಲಿ ಕೈಕೊಡುತ್ತದೆ. ವೈರು ತುಂಡಾಗಿದೆಯೇ ಎಂದು ನೋಡುವ ಕಂಟಿನ್ಯುಟಿಗೆ ಇಟ್ಟರೆ ಮೀಟರ್ ಬೀಪ್ ಅನ್ನುತ್ತದೆ, ವೈರು ಸರಿಯಿದೆ ಅನ್ನಿಸುತ್ತದೆ. ಈ ಬೀಪನ್ನು ನಾನು ಹೆಚ್ಚು ನಂಬುವುದಿಲ್ಲ. ದಪ್ಪ ವೈರಿನ ಎಳೆಗಳಲ್ಲಿ ಒಂದೇ ಒಂದು ಉಳಿದಿದ್ದರೂ ಅದು ಬೀಪ್ ಅನ್ನುತ್ತದೆ, ಏಕೆಂದರೆ ಮೀಟರ್ ಹರಿಸುವುದು ತೀರಾ ಚಿಕ್ಕ ಕರೆಂಟ್. ಏರು ಹತ್ತುವಾಗ ಮೋಟಾರು ಎಳೆಯುವುದು ಹತ್ತಾರು ಆಂಪಿಯರ್. ಕಿಲುಬು ಹಿಡಿದ ಕನೆಕ್ಟರಿನಲ್ಲಿ ಒಂದೇ ವೋಲ್ಟ್ ಕಳೆದುಹೋದರೂ 25 ಆಂಪಿಯರಿಗೆ 25 ವಾಟ್ ಶಾಖ, ಅಂದರೆ ರೇಡಿಯೊ ರಿಪೇರಿ ಅಂಗಡಿಯ ಸಾಲ್ಡರಿಂಗ್ ಐರನ್ ಒಂದನ್ನು ಸೀಟಿನಡಿ ಉರಿಯಬಿಟ್ಟಷ್ಟು.

ಹಾಗಾಗಿ ಶಾಖವನ್ನೇ ಹುಡುಕಿ. ಹತ್ತಿರದ ಒಂದು ಏರು ಹತ್ತಿಸಿ ನಿಲ್ಲಿಸಿ, ಕೀ ಆಫ್ ಮಾಡಿ ಎಂಸಿಬಿ ಇಳಿಸಿ, ತಕ್ಷಣ ಸೀಟೆತ್ತಿ ದಪ್ಪ ವೈರಿನ ಒಂದೊಂದೇ ಕನೆಕ್ಟರಿನ ಪ್ಲಾಸ್ಟಿಕ್ಕಿನ ಹತ್ತಿರ ಹಿಂಗೈ ಹಿಡಿಯಿರಿ. ಎಲ್ಲವೂ ಉಗುರುಬೆಚ್ಚಗಿದ್ದು ಒಂದು ಮಾತ್ರ ಸುಡುತ್ತಿದ್ದರೆ ಸಿಕ್ಕಿತು. ಬಿಚ್ಚಿದಾಗ ಒಳಗೆ ಹಸಿರು ಪುಡಿಯೋ ಕಂದಿದ ಪ್ಲಾಸ್ಟಿಕ್ಕೋ ಕಾಣುತ್ತದೆ.

ಸಣ್ಣ ವೈರುಗಳದು ಬೇರೆ ದಾರಿ. ಡಬಲ್ ಸ್ಟ್ಯಾಂಡ್ ಹಾಕಿ, ಇನ್ನೊಬ್ಬರು ಥ್ರಾಟಲನ್ನು ಸ್ವಲ್ಪವೇ ಹಿಡಿದಿರಲಿ, ನೀವು ವೈರಿನ ಕಟ್ಟನ್ನು ಅಲ್ಲಲ್ಲಿ ಅಲುಗಾಡಿಸುತ್ತಾ ಬನ್ನಿ. ಹಿಂದಿನ ಚಕ್ರದ ಹತ್ತಿರ ಕೈ, ಸೆರಗು, ಪಂಚೆ ಯಾವುದೂ ಸುಳಿಯಬಾರದು. ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿ, ದಿನವೂ ಬಾಗಿ ಬಾಗಿ ಒಳಗಿನ ಎಳೆ ತುಂಡಾಗುವುದು ಆ ಕುತ್ತಿಗೆಯಲ್ಲೇ.

ಸಿಕ್ಕ ಮೇಲೆ ಹೊಸೆದು ಟೇಪ್ ಸುತ್ತುವುದು ನಮ್ಮ ಮಳೆಗೆ ನಡೆಯದು, ಟೇಪಿನೊಳಗೆ ಹೊಕ್ಕ ನೀರು ಹೊರಗೆ ಬರುವುದಿಲ್ಲ. ಸಣ್ಣ ವೈರಾದರೆ ಸಾಲ್ಡರ್ ಮಾಡಿ ಒಳಬದಿಗೆ ಅಂಟು ಸವರಿದ ಹೀಟ್ ಶ್ರಿಂಕ್ ಸ್ಲೀವ್ (ಬಿಸಿಗೆ ಕುಗ್ಗಿ ಬಿಗಿಯುವ ಕೊಳವೆ) ಹಾಕಿ. ದಪ್ಪದ್ದಾದರೆ ಕಂದಿದ ಟರ್ಮಿನಲ್ ಕತ್ತರಿಸಿ ಹೊಸದನ್ನು ಸರಿಯಾದ ಕ್ರಿಂಪಿಂಗ್ ಇಕ್ಕಳದಿಂದ ಒತ್ತಿಸಿ. ಕನೆಕ್ಟರಿಗೆ ಬರುವ ವೈರು ಮೊದಲು ಕೆಳಗೆ ಬಾಗಿ ಆಮೇಲೆ ಮೇಲೇರುವಂತೆ ಕಟ್ಟಿದರೆ ನೀರು ಬಾಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ವಾಟರ್ ಸರ್ವಿಸಿಗೆ ಕೊಟ್ಟಾಗ ಪ್ರೆಷರ್ ಗನ್ ಸೀಟಿನಡಿಗೆ ಬೇಡ ಎಂದು ಎದುರು ನಿಂತೇ ಹೇಳಿ. ತೋಟದ ಮನೆಯವರು ಗಾಡಿಯನ್ನು ಕಾಫಿ ಗೋಡೌನಿನಲ್ಲಿ ನಿಲ್ಲಿಸುವುದನ್ನೂ ಬಿಡಬೇಕು, ಇಲಿ ಕಡಿದ ವೈರನ್ನು ಎಷ್ಟು ಸಲ ಜೋಡಿಸಿದರೂ ಅಲ್ಲಿ ಮುಗಿಯುವುದಿಲ್ಲ.