ಜಾವಾ 17ಕ್ಕೆ ಬಂದಾಗ ನಮ್ಮ ‘ರೆಕಾರ್ಡ್’ ಕ್ಲಾಸ್ ಕೈಕೊಟ್ಟದ್ದು

ಕಳೆದ ವಾರ ಜಯನಗರದ ನಮ್ಮ ಆಫೀಸಿನಲ್ಲಿ ಹಳೆಯ ಪ್ರಾಜೆಕ್ಟನ್ನು ಜಾವಾ ಪ್ರೋಗ್ರಾಮಿಂಗ್ ಭಾಷೆಯ 11ನೇ ಆವೃತ್ತಿಯಿಂದ 17ಕ್ಕೆ ತಂದೆವು. ಕೋಡಿನ ಒಂದು ಸಾಲನ್ನೂ ಮುಟ್ಟಿರಲಿಲ್ಲ. ಆದರೂ ಬಿಲ್ಡ್ (ಕೋಡನ್ನು ಓಡುವ ಪ್ರೋಗ್ರಾಮಾಗಿ ಕಟ್ಟುವ ಕೆಲಸ) ನಿಂತುಹೋಯಿತು: ‘ರೆಫರೆನ್ಸ್ ಟು ರೆಕಾರ್ಡ್ ಈಸ್ ಆಂಬಿಗ್ಯುಯಸ್’. ಅಂದರೆ, ರೆಕಾರ್ಡ್ ಎಂದರೆ ಯಾವುದು ಎಂದು ಸ್ಪಷ್ಟವಿಲ್ಲ.

ರೆಕಾರ್ಡ್ ನಮ್ಮದೇ ಕ್ಲಾಸ್ (ಡೇಟಾ ಮತ್ತು ಅದರ ಕೆಲಸಗಳನ್ನು ಒಟ್ಟಿಗೆ ಇಡುವ ಕೋಡಿನ ಘಟಕ), ಎಷ್ಟೋ ವರ್ಷದಿಂದ ಇದೆ. ಬಿಲ್ಡ್ ಮಾಡುವ ಸಾಧನವಾದ ಮೇವನ್‌ನ ಕ್ಯಾಶ್ ಅಳಿಸಿದೆ, ಐಡಿಇ (ಕೋಡ್ ಬರೆಯುವ ತಂತ್ರಾಂಶ) ಮುಚ್ಚಿ ತೆರೆದೆ. ಸುಮ್ನೆ ಮಧ್ಯಾಹ್ನವೆಲ್ಲ ಹೋಯಿತು. ಆಮೇಲೆ ಒಂದು ವಿಷಯ ಕಣ್ಣಿಗೆ ಬಿತ್ತು: ರೆಕಾರ್ಡ್ ಇರುವ ಪ್ಯಾಕೇಜಿನ (ಕ್ಲಾಸುಗಳ ಗುಂಪಿನ) ಫೈಲುಗಳಲ್ಲಿ ತಪ್ಪೇ ಇಲ್ಲ, ಬೇರೆ ಪ್ಯಾಕೇಜುಗಳಲ್ಲಿ ಮಾತ್ರ!

ಡೇಟಾ ಇಡುವ ಕ್ಲಾಸನ್ನು ಚುಟುಕಾಗಿ ಬರೆಯುವ ‘ರೆಕಾರ್ಡ್’ ಸೌಲಭ್ಯ ಜಾವಾ 16ರಲ್ಲಿ ಪಕ್ಕಾ ಆಯಿತು. ಅದರ ಜೊತೆ ಜಾವಾದ ಸ್ವಂತ ಜಾವಾ.ಲ್ಯಾಂಗ್ ಪ್ಯಾಕೇಜಿಗೂ ಅದೇ ಹೆಸರಿನ ಕ್ಲಾಸ್ ಬಂತು. ಆ ಪ್ಯಾಕೇಜ್ ನಾವು ಬರೆಯದಿದ್ದರೂ ತಾನಾಗಿ ಇಂಪೋರ್ಟ್ ಆಗುತ್ತದೆ (ಫೈಲಿನಲ್ಲಿ ಬಳಕೆಗೆ ಸಿಗುತ್ತದೆ), ಅಲ್ವಾ? ನಮ್ಮ ಕ್ಲಾಸನ್ನೂ ನಕ್ಷತ್ರ (*) ಹಾಕಿ, ಅಂದರೆ ಅದರ ಪ್ಯಾಕೇಜಿನ ಎಲ್ಲ ಕ್ಲಾಸುಗಳ ಜೊತೆ ಒಟ್ಟಿಗೆ, ಇಂಪೋರ್ಟ್ ಮಾಡಿದ್ದೆವು. ಎರಡಕ್ಕೂ ಸಮಾನ ಹಕ್ಕು, ಕೋಡನ್ನು ಅನುವಾದಿಸುವ ಕಂಪೈಲರ್ ಯಾವುದನ್ನು ಆರಿಸಬೇಕು? ಒಂದೇ ಪ್ಯಾಕೇಜಿನೊಳಗಿನ ಕ್ಲಾಸಿಗೆ ನಕ್ಷತ್ರದ ಇಂಪೋರ್ಟಿಗಿಂತ ಬಲ ಜಾಸ್ತಿ. ಅದಕ್ಕೇ ಅಲ್ಲಿ ತೊಂದರೆ ಇರಲಿಲ್ಲ.

ತೊಂದರೆ ಕೊಟ್ಟ ಫೈಲುಗಳಲ್ಲಿ ರೆಕಾರ್ಡಿನ ಪೂರ್ತಿ ಹೆಸರು (ಪ್ಯಾಕೇಜಿನ ಹೆಸರೂ ಸೇರಿ) ಬರೆದು ಇಂಪೋರ್ಟ್ ಮಾಡಿದೆ. ನಕ್ಷತ್ರದ ಸಾಲನ್ನು ತೆಗೆಯಲೂ ಬೇಕಾಗಲಿಲ್ಲ. ಸಂಜೆ 6ಕ್ಕೆ ಬಿಲ್ಡ್ ಪಾಸಾಯಿತು.